ಮರೆವಿನ ಕಾಯಿಲೆಗೆ ಒಂದೇ ಮದ್ದು ಸಾಲದು

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ನೀಡಿದ ಮಾಹಿತಿಯ ಬರಹ ರೂಪ)



  ಈ ತಿಂಗಳು ಯಾವ ವಿಷಯದ ಬಗ್ಗೆ ಮಾಹಿತಿ ಬೇಕು ಎಂದು ಸಂಘಗಳಿಂದ ಚೀಟಿ ತರಿಸಿದ್ದೆವು. ಹೆಚ್ಚಿನವರು ಬಿಪಿ, ಶುಗರ್, ಸೊಂಟನೋವು ಅಂತ ಬರೆದಿದ್ದರು. ಒಂದು ಚೀಟಿ ಮಾತ್ರ ಬೇರೆ ಥರ ಇತ್ತು. "ನಮ್ಮ ಅತ್ತೆಗೆ ಮರೆವಿನ ಕಾಯಿಲೆ. ಡಾಕ್ಟರ ಮಾತ್ರೆ ಕೊಡ್ತಾ ಇದ್ದೇವೆ, ನಾಟಿ ಮದ್ದೂ ಕೊಡ್ತಾ ಇದ್ದೇವೆ, ಟಿವಿ ನೋಡಿ ತರಿಸಿದ ಪುಡಿನೂ ಇದೆ. ಎಲ್ಲ ಒಟ್ಟಿಗೆ ಕೊಡಬಹುದಾ? ಯಾವುದು ಬಿಡಬೇಕು?" ಹೆಸರು ಬರೆದಿರಲಿಲ್ಲ. ಬರೆದವರು ಇಲ್ಲೇ ಕೂತಿರಬಹುದು. ಹೆಸರು ಹೇಳುವುದು ಬೇಡ, ಉತ್ತರ ಎಲ್ಲರಿಗೂ ಬೇಕಾದದ್ದೇ.

"ಅರವತ್ತಕ್ಕೆ ಅರಳುಮರುಳು" ಅಂತ ನಮ್ಮಲ್ಲಿ ಮಾತಿದೆ. ಈ ಮಾತಿನಿಂದ ಆದ ನಷ್ಟ ಸಣ್ಣದಲ್ಲ. ವಯಸ್ಸಾದ ಮೇಲೆ ಹೀಗೇ ಬಿಡಿ ಅಂತ ಹೇಳಿ ಎಷ್ಟೋ ಜನರನ್ನು ಡಾಕ್ಟರ ಹತ್ತಿರ ಕರೆದುಕೊಂಡೇ ಹೋಗುವುದಿಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸಿನ ಮರೆವು. ಕನ್ನಡಕ ಕೈಯಲ್ಲಿ ಹಿಡಿದು, ಇದು ಯಾತಕ್ಕೆ ಎಂದು ಕೇಳಿದರೆ ಅದು ಕಾಯಿಲೆ. ನಲವತ್ತು ವರ್ಷ ಮಾಡಿದ ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಹುಟ್ಟಿ ಬೆಳೆದ ಕೇರಿಯಲ್ಲೇ ದಾರಿ ತಪ್ಪುವುದು, ಈಗಷ್ಟೇ ಊಟ ಮಾಡಿ "ನನಗೆ ಇವತ್ತು ಊಟವೇ ಕೊಟ್ಟಿಲ್ಲ" ಅನ್ನುವುದು, ಇವು ತಿಂಗಳು ತಿಂಗಳು ಹೆಚ್ಚಾಗುತ್ತಾ ಹೋದರೆ ಅದಕ್ಕೆ ಡಿಮೆನ್ಶಿಯ ಎನ್ನುತ್ತಾರೆ. ಡಿಮೆನ್ಶಿಯಕ್ಕೆ ಕಾರಣ ಹಲವು ಇವೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಅಲ್ಜೈಮರ್ ಕಾಯಿಲೆ.

ನಮ್ಮ ದೇಶದಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯ ಲೆಕ್ಕ 2023ರಲ್ಲಿ ಪ್ರಕಟವಾಯಿತು. 60 ವರ್ಷ ದಾಟಿದ ನೂರು ಜನರಲ್ಲಿ ಏಳಕ್ಕಿಂತ ಹೆಚ್ಚು ಮಂದಿಗೆ ಡಿಮೆನ್ಶಿಯ ಇದೆ. ಒಟ್ಟು ಸುಮಾರು 88 ಲಕ್ಷ ಜನ. ಗಂಡಸರಲ್ಲಿ ನೂರಕ್ಕೆ 6 ಜನರ ಹತ್ತಿರ ಇದ್ದರೆ ಹೆಂಗಸರಲ್ಲಿ 9. ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಪೇಟೆ ಮಂದಿಯ, ಓದಿದವರ ಕಾಯಿಲೆ ಎಂದು ತಿಳಿದಿದ್ದೆವು ನಾವು, ಲೆಕ್ಕ ನೋಡಿದರೆ ಉಲ್ಟಾ. ಕಾಯಿಲೆ ಬಂದವರಲ್ಲೂ ಹೆಂಗಸರೇ ಹೆಚ್ಚು, ನೋಡಿಕೊಳ್ಳುವವರಂತೂ ಹೆಚ್ಚುಕಮ್ಮಿ ಎಲ್ಲ ಹೆಂಗಸರೇ. ಆದ್ದರಿಂದ ಇದು ಮಹಿಳಾ ಸಂಘದಲ್ಲಿ ಮಾತಾಡಬೇಕಾದ ವಿಷಯವೇ.

ಈಗ ಕಾಯಿಲೆ ಒಳಗೆ ಏನು ನಡೆಯುತ್ತದೆ ನೋಡೋಣ. ಜರ್ಮನಿಯ ಫ್ರಾಂಕ್‌ಫರ್ಟ್ ಊರಿನ ಆಸ್ಪತ್ರೆಗೆ 1901ರಲ್ಲಿ 51 ವರ್ಷದ ಒಬ್ಬ ಹೆಂಗಸನ್ನು ಸೇರಿಸಿದರು. ಅವರಿಗೆ ಗಂಡನ ಮೇಲೆ ಸಂಶಯ, ಮಾತು ತಪ್ಪುವುದು, ಹೆಸರು ಕೇಳಿದರೂ ಗೊಂದಲ. ನೋಡಿದ ಡಾಕ್ಟರು ಅಲೋಯಿಸ್ ಅಲ್ಜೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಎರಡು ವಿಷಯ ಕಂಡವು. ನರಕೋಶಗಳ ಹೊರಗೆ ಕಸದ ಹಾಗೆ ಗಟ್ಟಿಯಾದ ಒಂದು ವಸ್ತು, ನರಕೋಶದ ಒಳಗೆ ಸಿಕ್ಕುಸಿಕ್ಕಾದ ನೂಲಿನ ಹಾಗೆ ಇನ್ನೊಂದು. ಹೊರಗಿನದ್ದಕ್ಕೆ ಈಗ ಅಮಿಲಾಯ್ಡ್ ಎನ್ನುತ್ತಾರೆ, ಒಳಗಿನ ಸಿಕ್ಕಿಗೆ ಟಾವ್. ಇವು ಮರೆವು ಶುರುವಾಗುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಸೇರತೊಡಗುತ್ತವೆ. ಅಷ್ಟೇ ಆಗಿದ್ದರೆ ಒಂದು ಮದ್ದು ಸಾಕಾಗುತ್ತಿತ್ತೋ ಏನೋ. ಆದರೆ ವಯಸ್ಸಾದವರ ಮೆದುಳಿನಲ್ಲಿ ಇದರ ಜೊತೆಗೆ ಬಿಪಿ, ಶುಗರಿನಿಂದ ಸಣ್ಣ ರಕ್ತನಾಳಗಳು ಹಾಳಾಗಿರುತ್ತವೆ. ಸಣ್ಣ ಸಣ್ಣ ಪಾರ್ಶ್ವವಾಯು ಗೊತ್ತಿಲ್ಲದೇ ಆಗಿಹೋಗಿರುತ್ತದೆ. ಕಿವಿ ಕೇಳದೆ, ಯಾರ ಜೊತೆಯೂ ಮಾತಿಲ್ಲದೆ ಮೆದುಳಿಗೆ ಕೆಲಸವೇ ಕಡಿಮೆಯಾಗಿರುತ್ತದೆ.

ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ಮರ ಸೊರಗಿದೆ. ಬುಡದಲ್ಲಿ ನೀರು ನಿಂತಿದೆ, ಬೇರಿಗೆ ಹುಳ ಬಿದ್ದಿದೆ, ಮೇಲೆ ಕೊಳೆರೋಗ. ಬರೀ ಬೋರ್ಡೋ ಹೊಡೆದು ಕೂತರೆ ಮರ ಉಳಿಯುತ್ತದೆಯೇ? ಬಸಿಗಾಲುವೆನೂ ತೆಗೆಯಬೇಕು, ಬೇರನ್ನೂ ನೋಡಬೇಕು, ಗೊಬ್ಬರನೂ ಬೇಕು. ನಿಮಗೆಲ್ಲ ಗೊತ್ತಿರುವ ಕ್ಷಯರೋಗ ತೆಗೆದುಕೊಳ್ಳಿ. ಮೊದಲ ಎರಡು ತಿಂಗಳು ನಾಲ್ಕು ಬಗೆಯ ಔಷಧಿ ಒಟ್ಟಿಗೆ ಕೊಡುತ್ತಾರೆ, ಒಂದೇ ಕೊಟ್ಟರೆ ರೋಗಾಣು ತಪ್ಪಿಸಿಕೊಳ್ಳುತ್ತದೆ. ಎಚ್ಐವಿಗೂ ಹಾಗೇ, ಔಷಧಿಗಳನ್ನು ಕೂಡಿಸಿ ಕೊಡಲು ಶುರು ಮಾಡಿದ ಮೇಲೆಯೇ ಜನ ಬದುಕಿ ಉಳಿಯತೊಡಗಿದ್ದು. ಇದನ್ನೆಲ್ಲ ನೋಡಿಯೇ ಅಲ್ಜೈಮರ್ ಕಾಯಿಲೆಗೂ ಹಲವು ಚಿಕಿತ್ಸೆಗಳನ್ನು ಕೂಡಿಸಬೇಕು ಎಂಬ ಮಾತು ವೈದ್ಯರಲ್ಲಿ ಬಲವಾಗಿದೆ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಟಿಬಿ ವಾಸಿಯಾಗುತ್ತದೆ. ಅಲ್ಜೈಮರ್ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧಿ ಇಂದಿಗೂ ಇಲ್ಲ. ಒಂದು ಔಷಧಿಯೂ ಇಲ್ಲ, ನಾಲ್ಕು ಸೇರಿಸಿದರೂ ಇಲ್ಲ. ಕಾಯಿಲೆಯ ಓಟ ನಿಧಾನ ಮಾಡಬಹುದು, ದಿನ ಕಳೆಯುವುದನ್ನು ಹಗುರ ಮಾಡಬಹುದು. ವಾಸಿ ಮಾಡ್ತೀನಿ ಅಂತ ಯಾರಾದರೂ ಹೇಳಿದರೆ ಕೂಡಲೇ ಪರ್ಸು ಮುಚ್ಚಿಬಿಡಿ.

ಮೊದಲು ಮಾಡಬೇಕಾದ್ದು ಮದ್ದಲ್ಲ, ಪರೀಕ್ಷೆ. ಅಲ್ಜೈಮರ್ ತರಹವೇ ಕಾಣುವ, ಆದರೆ ಸರಿಪಡಿಸಬಹುದಾದ ತೊಂದರೆಗಳು ಇವೆ. ಥೈರಾಯ್ಡ್ ಕಡಿಮೆಯಾದರೆ ಮರೆವು ಬರುತ್ತದೆ. ಬಿ12 ವಿಟಮಿನ್ ಕಡಿಮೆಯಾದರೂ ಬರುತ್ತದೆ. ಗಂಡ ತೀರಿಕೊಂಡ ಮೇಲೆ ಮೂಲೆ ಹಿಡಿದು ಕೂತ ಅಮ್ಮನಿಗೆ ಖಿನ್ನತೆ ಇರಬಹುದು. ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ವಾರಗಳ ಮೇಲೆ ಒಳಗೆ ರಕ್ತ ಕಟ್ಟಿಕೊಂಡಿರಬಹುದು. ನಿನ್ನೆವರೆಗೆ ಸರಿಯಾಗಿದ್ದವರು ಇವತ್ತು ದಿಢೀರ್ ಅಂತ ಏನೇನೋ ಮಾತಾಡತೊಡಗಿದರೆ ಅದು ಹೆಚ್ಚಾಗಿ ಅಲ್ಜೈಮರ್ ಅಲ್ಲ. ಮೂತ್ರದ ಸೋಂಕೋ, ಜ್ವರವೋ, ಹೊಸ ಮಾತ್ರೆಯ ಪ್ರಭಾವವೋ ಇರುತ್ತದೆ. ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇನ್ನು ಮಾತ್ರೆಗಳ ವಿಷಯ. ಹೆಚ್ಚಾಗಿ ಕೊಡುವುದು ಡೊನೆಪೆಜಿಲ್. ನರಕೋಶದಿಂದ ನರಕೋಶಕ್ಕೆ ಸುದ್ದಿ ಒಯ್ಯುವ ಒಂದು ರಾಸಾಯನಿಕ ಈ ಕಾಯಿಲೆಯಲ್ಲಿ ಕಡಿಮೆಯಾಗುತ್ತದೆ, ಇದ್ದಷ್ಟನ್ನು ಬೇಗ ಹಾಳಾಗದಂತೆ ಈ ಮಾತ್ರೆ ಕಾಯುತ್ತದೆ. 1996ರಿಂದ ಬಳಕೆಯಲ್ಲಿದೆ. ಎರಡನೆಯದು ಮೆಮಾಂಟಿನ್, ಅದು ಕೆಲಸ ಮಾಡುವ ದಾರಿಯೇ ಬೇರೆ, ಕಾಯಿಲೆ ಮಧ್ಯಮ ಹಂತಕ್ಕೆ ಬಂದ ಮೇಲೆ ಕೊಡುತ್ತಾರೆ. ಎರಡನ್ನೂ ಕೂಡಿಸಿದರೆ ಹೇಗೆ? ಡೊನೆಪೆಜಿಲ್ ತೆಗೆದುಕೊಳ್ಳುತ್ತಿದ್ದ 404 ಜನರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆ 2004ರಲ್ಲಿ ಪ್ರಕಟವಾಯಿತು. ಆರು ತಿಂಗಳ ಹತ್ತಿರ ಮೆಮಾಂಟಿನ್ ಸೇರಿಸಿ ಕೊಟ್ಟವರು, ಬರೀ ಡೊನೆಪೆಜಿಲ್ ತೆಗೆದುಕೊಂಡವರಿಗಿಂತ ಸ್ವಲ್ಪ ಚೆನ್ನಾಗಿದ್ದರು. 2012ರಲ್ಲಿ ಇಂಗ್ಲೆಂಡಿನವರು 295 ಜನರನ್ನು ಒಂದು ವರ್ಷ ನೋಡಿದಾಗ ಬೇರೆ ಉತ್ತರ ಬಂತು. ಡೊನೆಪೆಜಿಲ್ ನಿಲ್ಲಿಸಿದವರು ಬೇಗ ಕುಗ್ಗಿದರು, ಮುಂದುವರಿಸಿದವರಿಗೆ ಪ್ರಯೋಜನ ಕಂಡಿತು. ಆದರೆ ಎರಡನೇ ಮಾತ್ರೆ ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ ಎರಡು ಮಾತ್ರೆ ಎಂದರೆ ಎರಡು ಪಟ್ಟು ಗುಣ ಅಂತ ಲೆಕ್ಕ ಹಾಕಬೇಡಿ. ಕೆಲವರಿಗೆ ಸಹಾಯ ಆಗುತ್ತದೆ, ಕೆಲವರಿಗೆ ಇಲ್ಲ. ಡಾಕ್ಟರು ಮೂರು ನಾಲ್ಕು ತಿಂಗಳು ನೋಡಿ ತೀರ್ಮಾನಿಸುತ್ತಾರೆ. ನಾವಾಗಿ ನಿಲ್ಲಿಸುವುದು ಮಾತ್ರ ತಪ್ಪು. "ಏನೂ ಗುಣ ಕಾಣಲಿಲ್ಲ, ಬಿಟ್ಟುಬಿಟ್ವಿ" ಅಂತ ಹೇಳುವವರು ಬಹಳ. ಈ ಮಾತ್ರೆಯಿಂದ ಗುಣ ಎಂದರೆ ಹಿಂದಿನ ಹಾಗೆ ಆಗುವುದಲ್ಲ, ಈಗಿರುವುದು ಇನ್ನಷ್ಟು ದಿನ ಉಳಿಯುವುದು.

ಡೊನೆಪೆಜಿಲ್ ಶುರು ಮಾಡಿದಾಗ ವಾಕರಿಕೆ, ಭೇದಿ ಆಗಬಹುದು, ನಾಡಿಬಡಿತ ನಿಧಾನವಾಗಿ ತಲೆ ತಿರುಗಬಹುದು. ಹೃದಯದ ತೊಂದರೆ, ಅಸ್ತಮಾ, ಹೊಟ್ಟೆ ಹುಣ್ಣು ಇದ್ದರೆ ಮೊದಲೇ ಹೇಳಬೇಕು. ಇದು ತಿಂಗಳು ತಿಂಗಳು ಬೇಕಾದ ಮಾತ್ರೆ. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಖರ್ಚು ತುಂಬಾ ಇಳಿಯುತ್ತದೆ.

ಪೇಪರಿನಲ್ಲಿ ಹೊಸ ಇಂಜೆಕ್ಷನ್ ಬಗ್ಗೆ ಓದಿರುತ್ತೀರಿ. ಲೆಕಾನೆಮ್ಯಾಬ್ ಎಂಬುದಕ್ಕೆ ಅಮೆರಿಕದಲ್ಲಿ 2023ರಲ್ಲಿ, ಡೊನಾನೆಮ್ಯಾಬ್ ಎಂಬುದಕ್ಕೆ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಇವು ಮೆದುಳಿನಲ್ಲಿ ಸೇರಿದ ಅಮಿಲಾಯ್ಡನ್ನು ತೆಗೆಯುತ್ತವೆ. ಲೆಕಾನೆಮ್ಯಾಬನ್ನು 1795 ಜನರ ಮೇಲೆ 18 ತಿಂಗಳು ಪರೀಕ್ಷಿಸಿದರು. ಕಾಯಿಲೆ ಹೆಚ್ಚಾಗುವುದು ಶೇಕಡ 27ರಷ್ಟು ನಿಧಾನವಾಯಿತು. ನಿಲ್ಲಲಿಲ್ಲ, ನಿಧಾನವಾಯಿತು. ಅದೂ ತೀರಾ ಆರಂಭದ ಹಂತದವರಿಗೆ ಮಾತ್ರ. ಕೆಲವರಿಗೆ ಮೆದುಳಿನಲ್ಲಿ ಊತ, ರಕ್ತಸ್ರಾವ ಆಗುವುದರಿಂದ ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕು. ಬಹಳ ದುಬಾರಿ. ಗುರುತು ಹಿಡಿಯದಷ್ಟು ಮುಂದೆ ಹೋದ ಕಾಯಿಲೆಗೆ ಇದು ಅಲ್ಲವೇ ಅಲ್ಲ. ಅತ್ತೆಗೆ ಬರುತ್ತದೆ ಎಂದು ಚಿನ್ನ ಅಡವಿಡಲು ಹೊರಟರೆ ಮೊದಲು ನರರೋಗ ತಜ್ಞರನ್ನು ಕೇಳಿ.

ಚೀಟಿಯ ಪ್ರಶ್ನೆಗೆ ಬರುತ್ತೇನೆ. ಎಲ್ಲ ಒಟ್ಟಿಗೆ ಕೊಡಬಹುದಾ? ಕೂಡಿಸುವುದು ಬೇರೆ, ಕಲಬೆರಕೆ ಬೇರೆ. ಮನೆಗಳಿಗೆ ಹೋದಾಗ ನಾನು ಮೊದಲು ಮಾತ್ರೆ ಡಬ್ಬ ಕೇಳುತ್ತೇನೆ. ಮರೆವಿಗೆ ಒಬ್ಬ ಡಾಕ್ಟರು ಬರೆದ ಮಾತ್ರೆ, ಮೂತ್ರ ತಡೆಯಲಾಗುವುದಿಲ್ಲ ಎಂದು ಇನ್ನೊಬ್ಬರು ಬರೆದದ್ದು, ತುರಿಕೆಗೆ ಅಂಗಡಿಯಿಂದ ತಂದದ್ದು, ನಿದ್ದೆಗೆ ಪಕ್ಕದ ಮನೆಯವರು ಕೊಟ್ಟದ್ದು. ಇಲ್ಲಿ ಗಮನಿಸಿ. ಮೂತ್ರದ ಕೆಲವು ಮಾತ್ರೆಗಳು, ಅಲರ್ಜಿ ತುರಿಕೆಗೆ ಕೊಡುವ ಕೆಲವು ಹಳೆಯ ಮಾತ್ರೆಗಳು, ಕೈನಡುಕದ ಕೆಲವು ಮಾತ್ರೆಗಳು ಮೆದುಳಿನಲ್ಲಿ ಡೊನೆಪೆಜಿಲ್‌ಗೆ ನೇರ ವಿರುದ್ಧ ಕೆಲಸ ಮಾಡುತ್ತವೆ. ಒಂದು ಎತ್ತು ಏರಿಗೆ, ಒಂದು ಎತ್ತು ನೀರಿಗೆ. ಎರಡಕ್ಕೂ ದುಡ್ಡು ಕೊಡುವವರು ನಾವು. ನಿದ್ದೆ ಮಾತ್ರೆಯಿಂದ ಬೀಳುವುದು ಹೆಚ್ಚು, ಸೊಂಟದ ಮೂಳೆ ಮುರಿದರೆ ಅವರು ಏಳುವುದೇ ಕಷ್ಟ. ಗಲಾಟೆ ಮಾಡುತ್ತಾರೆ ಎಂದು ಮಂಪರು ಬರಿಸುವ ಮನೋರೋಗದ ಔಷಧಿ ಕೇಳುವವರಿದ್ದಾರೆ. ಡಿಮೆನ್ಶಿಯ ಇರುವ ವೃದ್ಧರಲ್ಲಿ ಅವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಬೇರೆ ದಾರಿಯೇ ಇಲ್ಲದಾಗ, ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲ ಮಾತ್ರ ಡಾಕ್ಟರು ಕೊಡಬಹುದು.

ನಾಟಿ ಮದ್ದು? ಒಂದೆಲಗದ ಚಟ್ನಿ, ತಂಬುಳಿ ನಮ್ಮ ಅಡುಗೆ. ಧಾರಾಳವಾಗಿ ಮಾಡಿ ಬಡಿಸಿ, ಬಾಯಿಗೂ ರುಚಿ. ಆದರೆ ಅದರಿಂದ ಅಲ್ಜೈಮರ್ ಗುಣವಾದದ್ದು ಸಾಬೀತಾಗಿಲ್ಲ. ಡಬ್ಬದಲ್ಲಿ ಬರುವ ಹೆಸರಿಲ್ಲದ ಪುಡಿಯದ್ದು ಬೇರೆ ಕಥೆ. ಅದರಲ್ಲಿ ಏನಿದೆ ಎಂದು ಬರೆದಿರುವುದಿಲ್ಲ. ಇಂಥ ಕೆಲವು ಪುಡಿಗಳಲ್ಲಿ ಸೀಸ, ಪಾದರಸ ಸಿಕ್ಕಿದ್ದುಂಟು, ಸೀಸ ಮೆದುಳಿಗೇ ವಿಷ. ಹಾಗಾಗಿ ನನ್ನ ಉತ್ತರ: ಡಾಕ್ಟರ ಮಾತ್ರೆ ಇರಲಿ, ಚಟ್ನಿ ಇರಲಿ, ಟಿವಿ ಪುಡಿ ಬೇಡ. ಆಯುರ್ವೇದ ಬೇಕೇ ಬೇಕು ಅಂದರೆ ಓದಿದ ವೈದ್ಯರ ಹತ್ತಿರ ಹೋಗಿ, ಎರಡೂ ಕಡೆಯ ಮದ್ದನ್ನು ಎರಡೂ ಡಾಕ್ಟರಿಗೆ ತೋರಿಸಿ.

ಮದ್ದಲ್ಲದ ಮದ್ದು

ಫಿನ್ಲೆಂಡ್ ಅಂತ ಒಂದು ಚಳಿ ದೇಶ. ಅಲ್ಲಿ ಮಿಯಾ ಕಿವಿಪೆಲ್ಟೊ ಎಂಬ ವೈದ್ಯೆಯ ತಂಡ 60ರಿಂದ 77 ವರ್ಷದ 1260 ಜನರನ್ನು ಆರಿಸಿತು. ಇವರಿಗೆ ಕಾಯಿಲೆ ಬಂದಿರಲಿಲ್ಲ, ಬರುವ ಸಾಧ್ಯತೆ ಇತ್ತು. ಅರ್ಧ ಜನರಿಗೆ ಮಾಮೂಲಿ ಸಲಹೆ. ಉಳಿದವರಿಗೆ ನಾಲ್ಕು ವಿಷಯ ಒಟ್ಟಿಗೆ: ಸರಿಯಾದ ಊಟ, ವ್ಯಾಯಾಮ, ಮೆದುಳಿಗೆ ಕೆಲಸ ಕೊಡುವ ಅಭ್ಯಾಸ, ಬಿಪಿ ಶುಗರ್ ಕೊಲೆಸ್ಟ್ರಾಲ್ ಮೇಲೆ ನಿಗಾ. ಎರಡು ವರ್ಷದ ಮೇಲೆ ಎರಡನೇ ಗುಂಪಿನವರ ನೆನಪು, ಯೋಚನಾಶಕ್ತಿ ಹೆಚ್ಚು ಚೆನ್ನಾಗಿತ್ತು. ಇದು 2015ರಲ್ಲಿ ಪ್ರಕಟವಾಯಿತು. ಹಿಂದೆ ಒಂದೊಂದನ್ನೇ ಪ್ರಯತ್ನಿಸಿದಾಗ ಇಷ್ಟು ಸ್ಪಷ್ಟ ಫಲ ಸಿಕ್ಕಿರಲಿಲ್ಲ, ಕೂಡಿಸಿದಾಗ ಸಿಕ್ಕಿತು.

ಅಮೆರಿಕದವರು ಇದನ್ನೇ 2111 ಜನರೊಡನೆ ಮಾಡಿ 2025ರ ಜುಲೈಯಲ್ಲಿ ಫಲಿತಾಂಶ ಹೇಳಿದರು. ಅದರಲ್ಲಿ ನನಗೆ ಇಷ್ಟವಾದ ವಿಷಯವೊಂದಿದೆ. ಎರಡೂ ಗುಂಪಿಗೆ ಮಾಹಿತಿ ಕೊಟ್ಟಿದ್ದರು. ಒಂದು ಗುಂಪು ಎರಡು ವರ್ಷದಲ್ಲಿ ಆರು ಸಲ ಸಭೆ ಸೇರಿತು, ಉಳಿದದ್ದು ಅವರವರಿಗೆ ಬಿಟ್ಟದ್ದು. ಇನ್ನೊಂದು ಗುಂಪು 38 ಸಲ ಸೇರಿತು, ದಿನಚರಿ ಹಾಕಿಕೊಂಡಿತು, ಮಾಡಿದ್ದೀರಾ ಇಲ್ಲವಾ ಎಂದು ಕೇಳುವವರಿದ್ದರು. ಎರಡೂ ಗುಂಪಿಗೆ ಲಾಭವಾಯಿತು, ಪದೇ ಪದೇ ಸೇರಿದವರಿಗೆ ಹೆಚ್ಚು. ವಾರ ವಾರ ಸೇರಿ, ಉಳಿತಾಯ ಕಟ್ಟಿದ್ದೀಯಾ ಎಂದು ಒಬ್ಬರಿಗೊಬ್ಬರು ಕೇಳುವ ಅಭ್ಯಾಸ ನಮಗೆ ಎಷ್ಟು ವರ್ಷದಿಂದ ಇದೆ! ಅದೇ ಪುಸ್ತಕದಲ್ಲಿ ಬಿಪಿಗೂ ಒಂದು ಕಾಲಂ ಎಳೆಯಬಹುದು.

2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 14 ಕಾರಣಗಳನ್ನು ಪಟ್ಟಿ ಮಾಡಿತು. ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯದಲ್ಲಿ ಸುಮಾರು ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೊಜ್ಜು, ಬೀಡಿ ಸಿಗರೇಟು, ಕುಡಿತ ನಿಮಗೆ ಗೊತ್ತಿರುವುದೇ. ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು, ಹೊಗೆ ತುಂಬಿದ ಗಾಳಿ, ಒಂಟಿತನ, ತಲೆಗೆ ಪೆಟ್ಟು ಕೂಡ ಅದರಲ್ಲಿವೆ. ಪೊರೆ ಬಂದ ಕಣ್ಣಿನ ಆಪರೇಷನ್ನನ್ನು ಮುಂದಿನ ವರ್ಷ, ಮುಂದಿನ ವರ್ಷ ಎಂದು ತಳ್ಳುವ ಅಮ್ಮಂದಿರೇ, ಕೇಳಿಸಿಕೊಳ್ಳಿ. ಬೈಕಿನ ಹಿಂದೆ ಹೆಲ್ಮೆಟ್ ಇಲ್ಲದೆ ಕೂರುವವರೂ ಕೇಳಿಸಿಕೊಳ್ಳಿ. ಇನ್ನೊಂದು ಕಾರಣ, ಚಿಕ್ಕಂದಿನಲ್ಲಿ ಶಾಲೆ ಬಿಟ್ಟಿರುವುದು. ಹೆಂಗಸರಲ್ಲಿ, ಹಳ್ಳಿಯಲ್ಲಿ ಕಾಯಿಲೆ ಯಾಕೆ ಜಾಸ್ತಿ ಎಂಬುದಕ್ಕೆ ಒಂದು ಉತ್ತರ ಇಲ್ಲಿ ಸಿಗುತ್ತದೆ. ನಮ್ಮ ತಾಯಂದಿರನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿ ತಮ್ಮನನ್ನು ಎತ್ತಿಕೊಳ್ಳಲು ಹಾಕಿದರಲ್ಲ, ಅದರ ಬಾಕಿ ಎಪ್ಪತ್ತರ ವಯಸ್ಸಿನಲ್ಲಿ ವಸೂಲಾಗುತ್ತಿದೆ.

ಕಾಯಿಲೆ ಈಗಾಗಲೇ ಬಂದವರಿಗೆ ಇದರಿಂದ ಪ್ರಯೋಜನ ಇಲ್ಲವೇ? ಇದೆ, ಆದರೆ ಅಳತೆ ಬೇರೆ. ಬೆಳಿಗ್ಗೆ ಸಂಜೆ ನಡಿಗೆ, ಬಿಪಿ ಹತೋಟಿ, ಕಿವಿ ಕಣ್ಣು ಸರಿಯಾಗಿರುವುದು, ಸೊಪ್ಪು ಕಾಳು ಮೀನು ಇರುವ ಊಟ, ಹಳೆಯ ಹಾಡು, ಕೈಗೆ ಗೊತ್ತಿರುವ ಕೆಲಸ, ಇವುಗಳಿಂದ ನಿದ್ದೆ, ಬಲ, ಮನಸ್ಸು ಸುಧಾರಿಸುತ್ತದೆ. ಮಾತ್ರೆ ತನ್ನ ಕೆಲಸ ಮಾಡಲು ಜಾಗ ಸಿಗುತ್ತದೆ. ಬೀನ್ಸ್ ನಾರು ತೆಗೆಯಲು ಕೊಡಿ, ಮಲ್ಲಿಗೆ ಕಟ್ಟಲು ಕೊಡಿ. ಹೆಸರು ಮರೆತ ಬೆರಳಿಗೂ ಗಂಟು ಹಾಕುವುದು ನೆನಪಿರುತ್ತದೆ. ವಕ್ರವಾಗಿ ಕಟ್ಟಿದರೆ ಕಟ್ಟಲಿ.

ಸಾಲದ ಅರ್ಜಿ ಬಂದಾಗ

ಇದು ಸಂಘದ ಪದಾಧಿಕಾರಿಗಳಿಗೆ ಮುಖ್ಯ. ಚಿಕಿತ್ಸೆಗೆ ಸಾಲ ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಕಾರಣ ಕೇಳಿ ಕೊಡಿ. ರಕ್ತಪರೀಕ್ಷೆ, ಸ್ಕ್ಯಾನ್, ಶ್ರವಣಯಂತ್ರ, ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಇದಕ್ಕೆ ಕೊಟ್ಟ ಸಾಲ ಕೆಲಸಕ್ಕೆ ಬರುತ್ತದೆ. "ಆರು ತಿಂಗಳ ಪ್ಯಾಕೇಜು, ಮರೆವು ಮಾಯ" ಅಂದರೆ ನಿಲ್ಲಿಸಿ. ಇಂಥವರು ಈಗ ಬುದ್ಧಿವಂತರಾಗಿದ್ದಾರೆ, "ಎಲ್ಲ ಚಿಕಿತ್ಸೆ ಕೂಡಿಸಿ ಕೊಡುತ್ತೇವೆ" ಎನ್ನುವ ಮಾತನ್ನೇ ಬಳಸುತ್ತಾರೆ. ಅಮೆರಿಕದ ಡಾ. ಡೇಲ್ ಬ್ರೆಡೆಸನ್ 2014ರಲ್ಲಿ ಊಟ, ನಿದ್ದೆ, ವ್ಯಾಯಾಮ, ವಿಟಮಿನ್, ಹಾರ್ಮೋನ್ ಎಲ್ಲವನ್ನೂ ಒಟ್ಟಿಗೆ ಸರಿಪಡಿಸಿದಾಗ 10 ಜನರಲ್ಲಿ 9 ಜನ ಸುಧಾರಿಸಿದರು ಎಂದು ಬರೆದರು. ಜಗತ್ತಿಡೀ ಸುದ್ದಿಯಾಯಿತು. ಆದರೆ ಇದ್ದದ್ದು 10 ಜನ, ಅವರಲ್ಲಿ ಕೆಲವರಿಗೆ ಆಗಿದ್ದದ್ದು ಬರೀ ಲಘು ಮರೆವು, ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. 2024ರಲ್ಲಿ ಡಾ. ಡೀನ್ ಆರ್ನಿಶ್ ತಂಡ ಆರಂಭದ ಹಂತದ 51 ಜನರನ್ನು ಎರಡು ಗುಂಪು ಮಾಡಿ 20 ವಾರ ನೋಡಿದಾಗ, ಜೀವನಕ್ರಮ ಬದಲಿಸಿದವರಲ್ಲಿ ಕೆಲವು ಅಳತೆಗಳಲ್ಲಿ ಒಳ್ಳೆಯದಾಯಿತು. ಆಶೆ ಹುಟ್ಟಿಸುವ ವಿಷಯವೇ. ಆದರೆ ಅದನ್ನು ಹಿಡಿದು ಲಕ್ಷಗಟ್ಟಲೆ ಪ್ಯಾಕೇಜು ಮಾರುವಷ್ಟು ದೊಡ್ಡ ಸಾಕ್ಷಿ ಅಲ್ಲ. ಆ ಪಟ್ಟಿಯಲ್ಲಿ ಒಳ್ಳೆಯದು ಯಾವುದೋ, ಅಂದರೆ ನಡಿಗೆ, ಸೊಪ್ಪು, ನಿದ್ದೆ, ಒಡನಾಟ, ಅದು ಪುಕ್ಕಟೆ ಸಿಗುತ್ತದೆ.

ನೋಡಿಕೊಳ್ಳುವವಳನ್ನು ನೋಡಿಕೊಳ್ಳುವುದು

ಚಿಕಿತ್ಸೆಗಳ ಪಟ್ಟಿಯಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನು. ಅಮೆರಿಕದ ನ್ಯೂಯಾರ್ಕಿನಲ್ಲಿ 406 ಮನೆಗಳಲ್ಲಿ ರೋಗಿಯ ಗಂಡ ಅಥವಾ ಹೆಂಡತಿಗೆ ಸಲಹೆ, ಕುಟುಂಬದ ಸಭೆ, ಫೋನಿನಲ್ಲಿ ಬೆಂಬಲ ಕೊಟ್ಟು ನೋಡಿದರು. ರೋಗಿಗೆ ಹೊಸ ಮದ್ದು ಕೊಡಲಿಲ್ಲ. ಬೆಂಬಲ ಸಿಕ್ಕ ಮನೆಗಳಲ್ಲಿ ರೋಗಿಯನ್ನು ಆಶ್ರಮಕ್ಕೆ ಸೇರಿಸುವುದು ಸುಮಾರು ಒಂದೂವರೆ ವರ್ಷ ಮುಂದೆ ಹೋಯಿತು.

ನಮ್ಮ ಪಕ್ಕದ ಗೋವಾದ ಕೆಲಸ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 81 ಕುಟುಂಬಗಳೊಡನೆ ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. ಮನೆಮನೆಗೆ ಹೋದವರು ಡಾಕ್ಟರಲ್ಲ, ನರ್ಸೂ ಅಲ್ಲ. ಪಿಯುಸಿಯಷ್ಟು ಓದಿದ, ಊರಿನ ಭಾಷೆ ಗೊತ್ತಿದ್ದ, ತರಬೇತಿ ಪಡೆದ ಸಾಮಾನ್ಯ ಜನ. ಆರು ತಿಂಗಳು ಮನೆಗಳಿಗೆ ಹೋಗಿ ಕಾಯಿಲೆ ಏನೆಂದು ತಿಳಿಸಿದರು, ಸ್ನಾನ ಊಟ ಹೇಗೆ ಮಾಡಿಸಬೇಕೆಂದು ತೋರಿಸಿದರು, ಮನೆಯವರ ಕಷ್ಟ ಕೇಳಿದರು, ಬೇಕಾದವರನ್ನು ಡಾಕ್ಟರ ಹತ್ತಿರ ಕಳಿಸಿದರು. ರೋಗಿಯ ಮರೆವು ಕಡಿಮೆಯಾಗಲಿಲ್ಲ. ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸುಧಾರಿಸಿತು. ಈ ಕೆಲಸ ಮಾಡಬಲ್ಲವರು ಈ ಹಾಲಿನಲ್ಲೇ ಹತ್ತಾರು ಜನ ಇದ್ದೀರಿ.

ಯಾಕೆಂದರೆ ಮನೆಯೊಳಗಿನ ಸಂಗತಿ ನಿಮಗೆ ಗೊತ್ತು. ಅತ್ತೆ ಬಳೆಯನ್ನು ಅಕ್ಕಿ ಡಬ್ಬದಲ್ಲಿಟ್ಟು ಮರೆಯುತ್ತಾರೆ. ಆಮೇಲೆ ಬೀದಿಗೆ ಬಂದು, "ಸೊಸೆ ನನ್ನ ಬಳೆ ಕದ್ದಳು" ಎಂದು ಕೂಗುತ್ತಾರೆ. ಊರು ಕೇಳುತ್ತದೆ. ದೂರದ ಊರಿನಲ್ಲಿರುವ ನಾದಿನಿಗೆ ಫೋನ್ ಹೋಗುತ್ತದೆ, ಅವಳು ಅಮ್ಮನ ಮಾತನ್ನೇ ನಂಬುತ್ತಾಳೆ. ಫೋನಿನಲ್ಲಿ ಎರಡು ನಿಮಿಷ ಮಾತಾಡುವಾಗ ಅಮ್ಮ ಸರಿಯಾಗೇ ಇರುತ್ತಾರಲ್ಲ! ರಾತ್ರಿಯಿಡೀ ನಿದ್ದೆಗೆಟ್ಟು ಹೇಲು ಉಚ್ಚೆ ತೆಗೆದವಳು ಕಳ್ಳಿ ಎನಿಸಿಕೊಳ್ಳುತ್ತಾಳೆ. ಸಹೋದರಿಯರೇ, ಇದು ಅತ್ತೆಯ ಕೆಟ್ಟತನವೂ ಅಲ್ಲ, ಸೊಸೆಯ ಕಳ್ಳತನವೂ ಅಲ್ಲ. ಇಟ್ಟದ್ದು ನೆನಪಿಲ್ಲದ ಮೆದುಳು ಒಂದು ಕಾರಣ ಹುಡುಕುತ್ತದೆ, ಎದುರಿಗಿರುವವರ ಮೇಲೆ ಹಾಕುತ್ತದೆ. 1901ರ ಆ ಜರ್ಮನ್ ಹೆಂಗಸಿಗೂ ಸಂಶಯವೇ ಮೊದಲು ಬಂದದ್ದು. "ನಾನು ತೆಗೆದಿಲ್ಲ" ಎಂದು ವಾದಿಸಿದರೆ ಜಗಳ ಹೆಚ್ಚುತ್ತದೆ. "ಬಳೆ ಕಾಣ್ತಿಲ್ವಾ ಅತ್ತೆ, ಬನ್ನಿ ಇಬ್ಬರೂ ಹುಡುಕೋಣ" ಎಂದರೆ ಇಳಿಯುತ್ತದೆ. ಅವರು ಇಡುವ ನಾಲ್ಕೈದು ಜಾಗ ಗುರುತು ಮಾಡಿಟ್ಟುಕೊಳ್ಳಿ. ನಾದಿನಿಗೆ ಹೇಳುವ ಕೆಲಸವನ್ನು ಸೊಸೆ ಮಾಡಿದರೆ ಫಲವಿಲ್ಲ, ಡಾಕ್ಟರೋ ಸಂಘದ ಅಧ್ಯಕ್ಷೆಯೋ ಹೇಳಬೇಕು. ಸಾಧ್ಯವಾದರೆ ಮಗಳನ್ನು ಕರೆಸಿ ಒಂದು ವಾರ ಅಮ್ಮನ ಜೊತೆ ಇರಿಸಿ, ಬೇರೆ ವಿವರಣೆ ಬೇಕಾಗುವುದಿಲ್ಲ.

ಸಂಜೆಯಾದಂತೆ ಗಾಬರಿ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಕತ್ತಲಾಗುವ ಮೊದಲೇ ದೀಪ ಹಾಕಿ, ಟಿವಿ ಗಲಾಟೆ ಕಡಿಮೆ ಮಾಡಿ. ಇದ್ದಕ್ಕಿದ್ದಂತೆ ರೇಗುತ್ತಿದ್ದರೆ ಮೊದಲು ನೋವಿದೆಯಾ, ಮಲಬದ್ಧತೆಯಾ, ಮೂತ್ರ ಉರಿಯಾ ನೋಡಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಹೊರಗೆ ಹೋಗಿ ದಾರಿ ತಪ್ಪುವವರ ಜೇಬಿನಲ್ಲಿ, ಸೆರಗಿನ ಒಳಗೆ ಮನೆಯವರ ಫೋನ್ ನಂಬರು ಹೊಲಿದಿಡಿ. ಗ್ಯಾಸ್ ಸಿಲಿಂಡರಿನ ವಾಲ್ವ್ ರಾತ್ರಿ ಮುಚ್ಚಿ.

ಸಂಘದಿಂದ ಒಂದು ಕೆಲಸ ಆಗಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ. ಇಂಥ ಮನೆ ಇದ್ದಲ್ಲಿ ವಾರಕ್ಕೆ ಎರಡು ದಿನ, ಎರಡೆರಡು ಗಂಟೆ ಸರದಿ ಹಾಕಿ ಹೋಗಿ ಕೂತುಕೊಳ್ಳಿ. ಆ ಎರಡು ಗಂಟೆ ಆಕೆ ಮಲಗಲಿ, ಪೇಟೆಗೆ ಹೋಗಲಿ, ಸುಮ್ಮನೆ ಕೂರಲಿ. ಏನು ಮಾಡಿದೆ ಎಂದು ಕೇಳಬೇಡಿ. ಗಂಡಸರೂ ಇದರಲ್ಲಿ ಸೇರಬಹುದು. ಅಮ್ಮ ಅವರದ್ದೇ ತಾನೇ.

ಸಹಾಯ ಎಲ್ಲಿ ಸಿಗುತ್ತದೆ? ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ತಾಲ್ಲೂಕು, ಜಿಲ್ಲಾ ಆಸ್ಪತ್ರೆ. ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರು ತಾಲ್ಲೂಕಿಗೆ ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ. ಬೆಂಗಳೂರಿನ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವನ್ನೂ ಶುರು ಮಾಡಿದೆ. ಫೋನಿನಲ್ಲಿ ಮಾತಾಡಲು ಟೆಲಿ ಮನಸ್ 14416, ಹಿರಿಯ ನಾಗರಿಕರ ಸಹಾಯವಾಣಿ 14567. ದುಡ್ಡು ಕೊಡಬೇಕಿಲ್ಲ.

ಮಾತು ಮುಗಿಸುವಾಗ ಒಬ್ಬ ಸದಸ್ಯೆ ಎದ್ದು ಕೇಳಿದರು: "ನನ್ನ ಅಮ್ಮನಿಗೆ ಇತ್ತು ಅಕ್ಕ, ನನಗೂ ಬಂದೇ ಬರುತ್ತಾ?" ಬಂದೇ ಬರುತ್ತದೆ ಎಂದೇನಿಲ್ಲ. ಬಹಳ ಅಪರೂಪದ ಕೆಲವು ಕುಟುಂಬಗಳಲ್ಲಿ ಮಾತ್ರ ಇದು ನೇರವಾಗಿ ಇಳಿದು, ನಲವತ್ತು ಐವತ್ತರ ವಯಸ್ಸಿಗೇ ಬರುತ್ತದೆ. ಅಮ್ಮನಿಗೆ ಎಪ್ಪತ್ತೈದರಲ್ಲಿ ಬಂದಿದ್ದರೆ ನಿಮಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಿಮಗೀಗ ನಲವತ್ತೆರಡು ಅಂದ್ರಿ. ಬಿಪಿ ನೋಡಿಸಿ ಎಷ್ಟು ವರ್ಷ ಆಯಿತು ಎಂದು ಕೇಳಿದೆ. ಕೊನೆಯ ಹೆರಿಗೆಯಲ್ಲಿ ನೋಡಿದ್ದು ಅಂದರು. ಬರುವ ತಿಂಗಳ ಸಭೆಗೆ ಬಿಪಿ ಮಿಷನ್ ತರುತ್ತೇನೆ, ಎಲ್ಲರದ್ದೂ ನೋಡಿ ಪುಸ್ತಕದಲ್ಲಿ ಬರೆಯೋಣ. ಮನೆಯ ಹಿರಿಯರ ಮಾತ್ರೆಗಳನ್ನೆಲ್ಲ, ಪುಡಿ ಸಮೇತ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ.